ಅಡ್ಡಗಾಳಿಯಲ್ಲಿ ಪುಟ್ಟ ವಿಮಾನ ಇಳಿಸುವುದು ಹೇಗೆ: ಮಂಡಕಳ್ಳಿಯಲ್ಲಿ ಹಾರಾಟ ಕಲಿಯುವವರಿಗೆ

ಆಷಾಢ ಹುಟ್ಟಿತು ಅಂದರೆ ನನ್ನ ಫೋನಿಗೆ ಬರುವುದು ಒಂದೇ ಪ್ರಶ್ನೆ. "ಸಾರ್, ಅಡ್ಡಗಾಳಿ ಜಾಸ್ತಿ ಇದೆ, ಲ್ಯಾಂಡಿಂಗ್ ಕೈಗೆ ಸಿಗ್ತಿಲ್ಲ, ಏನು ಮಾಡ್ಲಿ?" ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಪೈಲಟ್ ತರಬೇತಿ ಪಡೆಯುವ ಹುಡುಗ ಹುಡುಗಿಯರು ಕೇಳುತ್ತಾರೆ. ಮಕ್ಕಳನ್ನು ಕಳಿಸಿ ಮನೆಯಲ್ಲಿ ದಿಗಿಲಿನಿಂದ ಕೂತಿರುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದರೆ ಅರ್ಧ ಮಾತು ಬಿಟ್ಟು ಹೋಗುತ್ತದೆ. ಅದಕ್ಕೇ ಪೂರ್ತಿಯಾಗಿ ಬರೆದಿದ್ದೇನೆ. ಅಡ್ಡಗಾಳಿ ಅಂದರೆ ರನ್‌ವೇಗೆ ಪಕ್ಕದಿಂದ ಬೀಸುವ ಗಾಳಿ.

ಇದನ್ನು ಓದಿಕೊಂಡು ಒಬ್ಬರೇ ಹೋಗಿ ಪ್ರಯೋಗ ಮಾಡಬೇಡಿ. ಇಲ್ಲಿರುವ ಪ್ರತಿ ಹಂತವನ್ನೂ ಮೊದಲು ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತಿರುವಾಗ ಮಾಡಿ. ನಿಮ್ಮ ವಿಮಾನದ ಕೈಪಿಡಿ ಒಂದು ಹೇಳಿ ನಾನು ಇನ್ನೊಂದು ಹೇಳಿದ್ದರೆ, ಕೈಪಿಡಿಯ ಮಾತೇ ನಡೆಯಬೇಕು.

ಅಡ್ಡಗಾಳಿ ಅಪಘಾತ ಅಂದರೆ ಗಾಳಿಯಲ್ಲಿ ತೂರಾಡಿ ಬೀಳುವ ವಿಮಾನ ಕಣ್ಣಮುಂದೆ ಬರುತ್ತದೆ, ಅಲ್ವಾ? ಎಷ್ಟೋ ಅಪಘಾತಗಳು ಹಾಗೆ ಆಗುವುದೇ ಇಲ್ಲ. ಚಕ್ರ ಆಗಲೇ ನೆಲ ಮುಟ್ಟಿರುತ್ತದೆ. ಪೈಲಟ್ "ಸದ್ಯ, ಇಳಿದೆ" ಅಂದುಕೊಂಡಿರುತ್ತಾರೆ. ಕೈ ಸಡಿಲಾಗುತ್ತದೆ, ಕಾಲು ಸಡಿಲಾಗುತ್ತದೆ. ಮುಂದಿನ ಕೆಲವೇ ಸೆಕೆಂಡಿನಲ್ಲಿ ವಿಮಾನ ರನ್‌ವೇ ಬಿಟ್ಟು ಹುಲ್ಲಿನಲ್ಲಿರುತ್ತದೆ. ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಆರನೇ ಹಂತವನ್ನು ನೆನಪಿಟ್ಟುಕೊಳ್ಳಿ.

ಹೊರಡುವ ಮುಂಚೆ ಏನೇನು ಬೇಕು

ವಿಮಾನದ ಕೈಪಿಡಿ ಬೇಕು. ಅದರಲ್ಲಿ "ತೋರಿಸಿಕೊಟ್ಟ ಅಡ್ಡಗಾಳಿ" ಅಂತ ಒಂದು ಅಂಕಿ ಇರುತ್ತದೆ. ತರಬೇತಿಯ ಪುಟ್ಟ ವಿಮಾನ ಸೆಸ್ನಾ 172ಕ್ಕೆ ಅದು 15 ನಾಟ್, ಸೆಸ್ನಾ 152ಕ್ಕೆ 12 ನಾಟ್. ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಹಾಗಾಗಿ 15 ನಾಟ್ ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್. ಈ ಅಂಕಿಯ ಅರ್ಥ ಇಷ್ಟೇ: ವಿಮಾನವನ್ನು ಪರೀಕ್ಷೆ ಮಾಡುವಾಗ ಅಷ್ಟು ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಿದ್ದಾರೆ. ತೋರಿಸಿದವರು ನುರಿತ ಟೆಸ್ಟ್ ಪೈಲಟ್‌ಗಳು. ಅದು ನಿಮ್ಮ ಮಿತಿ ಅಲ್ಲ. ನಿಮ್ಮ ಮಿತಿ ಬೇರೆ, ಅದನ್ನು ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಕೂತು ಗೊತ್ತು ಮಾಡಿಕೊಳ್ಳಬೇಕು. ಸೋಲೋ, ಅಂದರೆ ಒಬ್ಬರೇ ಹಾರುವುದು, ಶುರುವಾದ ಮೊದಲ ದಿನಗಳಲ್ಲಿ 5 ನಾಟ್‌ಗಿಂತ ಮೇಲೆ ಹೋಗಬೇಡಿ ಅಂತ ನಾನು ಹೇಳುತ್ತೇನೆ. ಆ ಅಂಕಿಯನ್ನು ಲಾಗ್‌ಬುಕ್ಕಿನ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಅಭ್ಯಾಸ ಆದ ಹಾಗೆ ಅಳಿಸಿ ತಿದ್ದಬಹುದು.

ತೆಳು ಅಟ್ಟೆಯ ಶೂ ಹಾಕಿ. ದಪ್ಪ ಅಟ್ಟೆಯಲ್ಲಿ ಪೆಡಲ್ ಎಷ್ಟು ಒತ್ತಿದಿರಿ ಅನ್ನುವುದೇ ಕಾಲಿಗೆ ಗೊತ್ತಾಗುವುದಿಲ್ಲ.

ಸೀಟು ಮುಂದಕ್ಕೆ ಎಳೆದುಕೊಂಡು, ಒಂದು ಪೆಡಲನ್ನು ಕೊನೆಯವರೆಗೂ ಒತ್ತಿ ನೋಡಿ. ಕಾಲು ಪೂರ್ತಿ ಚಾಚಿ ಬೆರಳ ತುದಿಯಲ್ಲಿ ಒತ್ತಬೇಕಾಗಿದ್ದರೆ ಸೀಟು ಹಿಂದಾಗಿದೆ ಅಂತ ಅರ್ಥ. ಮಂಡಿ ಸ್ವಲ್ಪ ಮಡಚಿಯೇ ಇರಬೇಕು. ಆಮೇಲೆ ಸೀಟನ್ನು ಹಿಂದೆ ಮುಂದೆ ಅಲ್ಲಾಡಿಸಿ, ಲಾಕ್ ಬಿದ್ದಿದೆಯಾ ನೋಡಿ. ಕುಳ್ಳಗಿರುವವರು ಬೆನ್ನಿಗೆ ದಿಂಬು ಕೇಳಲು ಸಂಕೋಚಪಡಬೇಡಿ.

1. ಗಾಳಿಯ ಲೆಕ್ಕ ನೆಲದ ಮೇಲೇ ಮುಗಿಸಿ

ಮಂಡಕಳ್ಳಿಯ ರನ್‌ವೇ ಪೂರ್ವ ಪಶ್ಚಿಮವಾಗಿ ಮಲಗಿದೆ. ಪೂರ್ವಕ್ಕೆ ಮುಖ ಮಾಡಿದರೆ ಅದರ ಹೆಸರು 09, ಪಶ್ಚಿಮಕ್ಕೆ ಮುಖ ಮಾಡಿದರೆ 27. ಅಂದರೆ ದಿಕ್ಸೂಚಿಯಲ್ಲಿ 090 ಮತ್ತು 270 ಡಿಗ್ರಿ, ಕೊನೆಯ ಸೊನ್ನೆ ಬಿಟ್ಟು. ಮುಂಗಾರಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯದ ಕಡೆಯಿಂದ ಬರುವುದರಿಂದ ಆಗ 27ರಲ್ಲಿ ಇಳಿಯುವುದೇ ಜಾಸ್ತಿ.

ಗಾಳಿ 240 ಡಿಗ್ರಿಯಿಂದ, 12 ನಾಟ್, ನಡುನಡುವೆ ಬೀಸು 20 ನಾಟ್ ಅಂತ ಬಂತು ಅಂದುಕೊಳ್ಳಿ. ರನ್‌ವೇ 270, ಗಾಳಿ 240. ನಡುವಿನ ಕೋನ 30 ಡಿಗ್ರಿ. ಇದರಲ್ಲಿ ಅಡ್ಡಡ್ಡ ತಳ್ಳುವ ಪಾಲು ಎಷ್ಟು? ಗಡಿಯಾರ ನೆನಪಿಸಿಕೊಳ್ಳಿ. 15 ನಿಮಿಷ ಅಂದರೆ ಕಾಲು ಗಂಟೆ, 30 ಅಂದರೆ ಅರ್ಧ, 45 ಅಂದರೆ ಮುಕ್ಕಾಲು, 60 ಅಂದರೆ ಪೂರ್ತಿ. ಡಿಗ್ರಿಗೂ ಅದೇ ಲೆಕ್ಕ ಹಾಕಿ. 30 ಡಿಗ್ರಿಗೆ ಅರ್ಧ. ಹಾಗಾಗಿ ಅಡ್ಡಗಾಳಿ 6 ನಾಟ್, ಬೀಸು ಬಂದಾಗ 10 ನಾಟ್.

ಈಗ ಅದೇ ಗಾಳಿ 210ರಿಂದ ಬಂದರೆ? ಕೋನ 60. 20 ನಾಟ್ ಬೀಸನ್ನು ಪೂರ್ತಿ ಅಡ್ಡಗಾಳಿ ಅಂತಲೇ ಹಿಡಿಯಬೇಕು. ಕರಾರುವಾಕ್ಕಾಗಿ ಲೆಕ್ಕ ಹಾಕಿದರೂ 17 ನಾಟ್ ಮೀರುತ್ತದೆ. ಸೆಸ್ನಾ 172ರ ಅಂಕಿಯನ್ನೇ ದಾಟಿತು. ಗಾಳಿಯ ಜೋರು ಬದಲಾಗಲಿಲ್ಲ, ದಿಕ್ಕು 30 ಡಿಗ್ರಿ ತಿರುಗಿತು ಅಷ್ಟೇ. "ಗಾಳಿ ಎಷ್ಟು?" ಅಂತ ಮಾತ್ರ ಕೇಳಿ "ಎಲ್ಲಿಂದ?" ಅಂತ ಕೇಳದೆ ಹೊರಡುವವರು ಎಡವುವುದು ಇಲ್ಲೇ. ಲೆಕ್ಕ ಯಾವಾಗಲೂ ಬೀಸಿನ ಅಂಕಿಗೇ ಹಾಕಿ, ಸರಾಸರಿಗೆ ಅಲ್ಲ.

ಇನ್ನೊಂದು ವಿಷಯ. ಮೆಟಾರ್ ಅಂದರೆ ವಿಮಾನ ನಿಲ್ದಾಣದ ಹವಾಮಾನ ವರದಿ. ಅದರಲ್ಲಿರುವ ಗಾಳಿ ಹತ್ತು ನಿಮಿಷದ ಸರಾಸರಿ. ಇಳಿಯುವವರಿಗೆ ಟವರ್ ಹೇಳುವುದು ಎರಡು ನಿಮಿಷದ ಸರಾಸರಿ. ನಿಮ್ಮ ರೆಕ್ಕೆಯನ್ನು ಎತ್ತುವ ಆ ಒಂದು ಬೀಸು ಎರಡರಲ್ಲೂ ಕಾಣದೇ ಇರಬಹುದು. ಅದಕ್ಕೇ ಗಾಳಿಚೀಲ ನೋಡಿ. ಪೂರ್ತಿ ಚಾಚಿಕೊಂಡು ನಿಂತಿದ್ದರೆ ಗಾಳಿ ಸುಮಾರು 15 ನಾಟ್ ಅಥವಾ ಮೇಲೆ ಇದೆ. ಚೀಲದ ಬಾಲ ಒಮ್ಮೆ ಇಳಿದು ಒಮ್ಮೆ ಏರಿ, ಅತ್ತಿತ್ತ ಹೊಡೆದುಕೊಳ್ಳುತ್ತಿದ್ದರೆ ಅದೇ ಬೀಸುಗಾಳಿ. ರಾಗಿ ತೂರುವವರು ಮೊರ ಎತ್ತುವ ಮುಂಚೆ ಗಾಳಿಗೆ ಮುಖ ಕೊಟ್ಟು ಒಂದು ಗಳಿಗೆ ನಿಲ್ಲುತ್ತಾರಲ್ಲ, ಹಾಗೆ ನೀವೂ ಹೊರಡುವ ಮುಂಚೆ ಒಂದೆರಡು ನಿಮಿಷ ಸುಮ್ನೆ ನಿಂತು ಅದನ್ನು ನೋಡಿ.

2. ಫೈನಲ್‌ಗೆ ತಿರುಗುವಾಗ ಎಚ್ಚರ

ರನ್‌ವೇ ಸುತ್ತ ಹಾರುವ ಚೌಕಟ್ಟಿಗೆ ಸರ್ಕ್ಯೂಟ್ ಅನ್ನುತ್ತಾರೆ. ಅದರಲ್ಲಿ ರನ್‌ವೇಗೆ ನೇರವಾಗುವ ಮುಂಚಿನ ಅಡ್ಡ ಗೆರೆ ಬೇಸ್, ಕೊನೆಯ ನೇರ ಗೆರೆ ಫೈನಲ್.

27ಕ್ಕೆ ಎಡ ಸರ್ಕ್ಯೂಟ್ ಹಾರುತ್ತಿದ್ದೀರಿ, ಗಾಳಿ 240ರಿಂದ ಇದೆ. ಬೇಸ್‌ನಲ್ಲಿ ನಿಮ್ಮ ಮೂತಿ ಉತ್ತರಕ್ಕೆ, ಚಾಮುಂಡಿ ಬೆಟ್ಟದ ಕಡೆಗೆ ಇರುತ್ತದೆ. ಆಗ ಗಾಳಿ ಹಿಂದಿನಿಂದ ತಳ್ಳುತ್ತದೆ. ನೀವು ಅಂದುಕೊಂಡದ್ದಕ್ಕಿಂತ ಬೇಗ ರನ್‌ವೇ ಗೆರೆ ಬಂದುಬಿಡುತ್ತದೆ, ದಾಟಿಯೂ ಬಿಡುತ್ತದೆ. ಆಗ ಗಾಬರಿಯಲ್ಲಿ ಎಡ ರಡರ್, ಅಂದರೆ ಮೂತಿಯನ್ನು ಅತ್ತಿತ್ತ ತಿರುಗಿಸುವ ಕಾಲಿನ ಪೆಡಲ್, ಜಾಸ್ತಿ ಒತ್ತಿ ಮೂತಿಯನ್ನು ಎಳೆದು ತರಲು ಕೈಕಾಲು ಹವಣಿಸುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಕಡಿಮೆ ಎತ್ತರ, ಕಡಿಮೆ ವೇಗ, ಜಾಸ್ತಿ ರಡರ್, ಹಿಂದಕ್ಕೆ ಎಳೆದ ಯೋಕ್, ಅಂದರೆ ಕೈಯಲ್ಲಿ ಹಿಡಿದು ತಿರುಗಿಸುವ ಹಿಡಿಕೆ. ಒಳಗಿನ ರೆಕ್ಕೆ ಸ್ಟಾಲ್ ಆಗಿ, ಅಂದರೆ ಎತ್ತುವ ಶಕ್ತಿ ಕಳೆದುಕೊಂಡು, ವಿಮಾನ ಸುತ್ತುತ್ತಾ ಬೀಳುವುದಕ್ಕೆ ಇಷ್ಟು ಸಾಕು. ಅಷ್ಟು ಎತ್ತರದಲ್ಲಿ ಅದನ್ನು ಸರಿಪಡಿಸಲು ಸಮಯವೇ ಇರುವುದಿಲ್ಲ.

ತಿರುವನ್ನು ಸ್ವಲ್ಪ ಮುಂಚೆಯೇ ಶುರು ಮಾಡಿ. ವಾಲು 30 ಡಿಗ್ರಿ ಮೀರದಿರಲಿ. ಗೆರೆ ದಾಟಿದರೆ ದಾಟಲಿ, ಎದ್ದು ಇನ್ನೊಂದು ಸುತ್ತು ಬನ್ನಿ.

3. ಫೈನಲ್‌ನಲ್ಲಿ ಏಡಿ ನಡಿಗೆ

ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯಲ್ಲಿ ಈಜಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎದುರು ದಡದ ಮರ ತಲುಪಬೇಕು ಅಂದರೆ ಮರಕ್ಕೇ ಮುಖ ಮಾಡಿ ಈಜುವುದಿಲ್ಲ. ನೀರು ಬರುವ ಕಡೆಗೆ ಸ್ವಲ್ಪ ಮುಖ ತಿರುಗಿಸಿ ಈಜುತ್ತೀರಿ, ಮೈ ಓರೆಯಾಗಿದ್ದರೂ ದಾರಿ ನೇರವಾಗಿರುತ್ತದೆ. ವಿಮಾನವೂ ಹೀಗೇ. ಗಾಳಿ ಬರುವ ಕಡೆಗೆ ಮೂತಿ ತಿರುಗಿಸಿ, ರೆಕ್ಕೆ ಸಮವಾಗಿಟ್ಟು, ರನ್‌ವೇಯ ನಡುಗೆರೆ ಗಾಜಿನಲ್ಲಿ ಜಾರದೆ ಒಂದೇ ಕಡೆ ನಿಲ್ಲುವ ಹಾಗೆ ಹಿಡಿಯಿರಿ. ಇದಕ್ಕೆ ಕ್ರ್ಯಾಬ್ ಅನ್ನುತ್ತಾರೆ, ಏಡಿ. 65 ನಾಟ್ ವೇಗದಲ್ಲಿ ಬರುವಾಗ 10 ನಾಟ್ ಅಡ್ಡಗಾಳಿಗೆ ಸುಮಾರು 9 ಡಿಗ್ರಿ ಓರೆ ಬೇಕಾಗುತ್ತದೆ.

ಬೀಸು ಇದ್ದರೆ ವೇಗಕ್ಕೆ ಸ್ವಲ್ಪ ಸೇರಿಸಿ. ಸಾಮಾನ್ಯ ಗಾಳಿಗೂ ಬೀಸಿಗೂ ಇರುವ ವ್ಯತ್ಯಾಸದ ಅರ್ಧ. 12 ಮತ್ತು 20 ಇದ್ದರೆ ವ್ಯತ್ಯಾಸ 8, ಸೇರಿಸಬೇಕಾದ್ದು 4 ನಾಟ್. ಭಯಕ್ಕೆ ಅಂತ 10, 15 ಸೇರಿಸಬೇಡಿ. ಆಗ ವಿಮಾನ ರನ್‌ವೇ ಮೇಲೆ ತೇಲುತ್ತಲೇ ಹೋಗುತ್ತದೆ, ತೇಲಿದಷ್ಟೂ ಹೊತ್ತು ಗಾಳಿ ಪಕ್ಕಕ್ಕೆ ತಳ್ಳುತ್ತಿರುತ್ತದೆ.

ನಮ್ಮ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಂಡಕಳ್ಳಿ ಸಮುದ್ರಮಟ್ಟದಿಂದ ಸುಮಾರು 2,350 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದರೆ ಅಲ್ಲಿನ ಗಾಳಿ 5,300 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ವೇಗದ ಮೀಟರಿನಲ್ಲಿ 65 ನಾಟ್ ಕಂಡರೂ ನಿಜವಾದ ವೇಗ 70ರ ಹತ್ತಿರ. ನೆಲ ಜೋರಾಗಿ ಓಡುತ್ತಿದೆ ಅನ್ನಿಸುತ್ತದೆ. ಹಾಗನ್ನಿಸಿತು ಅಂತ ವೇಗ ಇಳಿಸಲು ಹೋಗಬೇಡಿ, ಮೀಟರನ್ನೇ ನಂಬಿ.

ಫ್ಲಾಪ್, ಅಂದರೆ ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಕೆಳಗೆ ಬಿಡುವ ಪಟ್ಟಿ, ಎಷ್ಟು ಬಿಡಬೇಕು ಅನ್ನುವುದು ಕೈಪಿಡಿಯಲ್ಲಿದೆ. ಜೋರು ಅಡ್ಡಗಾಳಿಗೆ ಕಡಿಮೆ ಫ್ಲಾಪ್ ಒಳ್ಳೆಯದು. ಸೆಸ್ನಾ 172ರ ಹಲವು ಮಾದರಿಗಳಲ್ಲಿ ಪೂರ್ತಿ ಫ್ಲಾಪ್ ಬಿಟ್ಟು ಸ್ಲಿಪ್ ಮಾಡುವುದನ್ನು ತಪ್ಪಿಸಿ ಅನ್ನುವ ಎಚ್ಚರಿಕೆಯೂ ಇದೆ. ಸ್ಲಿಪ್ ಏನು ಅಂತ ಮುಂದಿನ ಹಂತದಲ್ಲಿದೆ.

4. ಮೂತಿ ನೇರ, ರೆಕ್ಕೆ ಓರೆ

ಏಡಿ ಹಾಗೇ ಇಳಿದರೆ ಚಕ್ರಗಳು ಒಂದು ದಿಕ್ಕಿಗೆ ನೋಡುತ್ತಿರುತ್ತವೆ, ವಿಮಾನ ಇನ್ನೊಂದು ದಿಕ್ಕಿಗೆ ಹೋಗುತ್ತಿರುತ್ತದೆ. ಟೈರು ಉಜ್ಜಿ ಕಿರುಚುತ್ತದೆ, ಚಕ್ರದ ಕಾಲಿನ ಮೇಲೆ ಪಕ್ಕದಿಂದ ಭಾರ ಬೀಳುತ್ತದೆ. ಹಾಗಾಗಿ ನೆಲ ಮುಟ್ಟುವ ಮುಂಚೆ ಮೂತಿ ನೇರವಾಗಲೇಬೇಕು.

ಗಾಳಿ ಎಡದಿಂದ ಇದೆ ಅಂದುಕೊಳ್ಳಿ. ಬಲ ರಡರ್ ಮೆಲ್ಲಗೆ ಒತ್ತಿ, ಮೂತಿ ನಡುಗೆರೆಗೆ ನೇರವಾಗಲಿ. ಅದೇ ಹೊತ್ತಿಗೆ ಯೋಕನ್ನು ಎಡಕ್ಕೆ ತಿರುಗಿಸಿ ಎಡ ರೆಕ್ಕೆಯನ್ನು ಸ್ವಲ್ಪ ತಗ್ಗಿಸಿ. ವಿಮಾನ ಗಾಳಿಗೆ ಹೆಗಲು ಕೊಟ್ಟು ಒರಗಿದ ಹಾಗೆ ಇರುತ್ತದೆ. ಇದೇ ಸ್ಲಿಪ್.

ಎರಡೂ ಒಟ್ಟಿಗೇ ಆಗಬೇಕು. ರಡರ್ ಮಾತ್ರ ಒತ್ತಿದರೆ ಎಡ ರೆಕ್ಕೆ ಮುಂದಕ್ಕೆ ಬೀಸಿ ಮೇಲೇಳುತ್ತದೆ, ಗಾಳಿ ಅದನ್ನು ಇನ್ನಷ್ಟು ಎತ್ತುತ್ತದೆ. ಆಮೇಲೆ ಯಾವ ಕೆಲಸ ಯಾವುದರದ್ದು ಅಂತ ಬೇರೆ ಬೇರೆಯಾಗಿ ಮನಸ್ಸಿನಲ್ಲಿಡಿ. ಮೂತಿ ಎಲ್ಲಿ ನೋಡಬೇಕು ಅನ್ನುವುದು ಕಾಲಿನ ಕೆಲಸ. ವಿಮಾನ ನಡುಗೆರೆಯಿಂದ ಆಚೆ ಜಾರುತ್ತಿದೆಯಾ ಅನ್ನುವುದು ಕೈಯ ಕೆಲಸ. ಬಲಕ್ಕೆ ಜಾರುತ್ತಿದ್ದರೆ ಎಡ ರೆಕ್ಕೆ ಇನ್ನೊಂದಿಷ್ಟು ತಗ್ಗಿಸಿ. ಮೂತಿ ಎಡಕ್ಕೆ ತಿರುಗುತ್ತಿದ್ದರೆ ಬಲಗಾಲು ಇನ್ನೊಂದಿಷ್ಟು ಒತ್ತಿ. ಶುರುವಿನಲ್ಲಿ ಎಲ್ಲರೂ ಮೂತಿ ತಿರುಗಿದಾಗ ಕಾರಿನ ಸ್ಟಿಯರಿಂಗ್ ಹಾಗೆ ಯೋಕ್ ತಿರುಗಿಸುತ್ತಾರೆ. ಇದು ವರ್ಷಗಟ್ಟಲೆ ರಸ್ತೆಯಲ್ಲಿ ಓಡಿಸಿದ ಕೈಯ ರೂಢಿ, ಬಿಡಿಸಲು ದಿನ ಹಿಡಿಯುತ್ತದೆ.

ಒಂದು ಒಳ್ಳೆಯ ಪರೀಕ್ಷೆಯೂ ಇಲ್ಲೇ ಸಿಗುತ್ತದೆ. ಬಲ ಪೆಡಲ್ ಕೊನೆ ಮುಟ್ಟಿದೆ, ಮೂತಿ ಇನ್ನೂ ನೇರವಾಗಿಲ್ಲ. ಹಾಗಾದರೆ ಇವತ್ತಿನ ಗಾಳಿ ಈ ವಿಮಾನದ ಶಕ್ತಿ ಮೀರಿದ್ದು. ಮಾತಿಲ್ಲದೆ ಮೇಲೇಳಿ. ಇದನ್ನು ನೆಲಕ್ಕೆ ಹತ್ತಿರ ಬಂದು ಕಂಡುಕೊಳ್ಳುವ ಬದಲು 200, 300 ಅಡಿಯಲ್ಲೇ ಒಮ್ಮೆ ಸ್ಲಿಪ್ ಹಾಕಿ ಕಂಡುಕೊಳ್ಳಿ. ಕಲಿಯುವ ದಿನಗಳಲ್ಲಿ ಅಷ್ಟು ಮೇಲಿಂದಲೇ ಸ್ಲಿಪ್ ಹಿಡಿದು ಬರುವುದು ಸುಲಭ. ಕೈ ಪಳಗಿದ ಮೇಲೆ ಫ್ಲೇರ್‌ವರೆಗೆ, ಅಂದರೆ ಇಳಿಯುವ ಮುಂಚೆ ಮೂತಿ ಎತ್ತುವ ಗಳಿಗೆಯವರೆಗೆ, ಏಡಿಯಲ್ಲೇ ಬರಬಹುದು.

5. ಒಂದು ಚಕ್ರ, ಆಮೇಲೆ ಇನ್ನೊಂದು, ಕೊನೆಗೆ ಮೂತಿ

ಎಡಗಾಳಿಗೆ ಎಡ ಚಕ್ರ ಮೊದಲು ಮುಟ್ಟುತ್ತದೆ. ಅದೇ ಸರಿ. ಒಂದೇ ಚಕ್ರದ ಮೇಲೆ ಓಡುವಾಗ ಹೆದರಿಕೆಯಾಗಿ ಯೋಕ್ ನಡುವಿಗೆ ತರಬೇಡಿ. ಬಲ ಚಕ್ರ ತಾನಾಗಿ ಕೂರುತ್ತದೆ. ಮೂತಿ ಚಕ್ರ ಕೊನೆಗೆ, ಮೆತ್ತಗೆ. ಅದು ಪೆಡಲ್‌ಗೆ ಜೋಡಿಸಿರುವ ಚಕ್ರ. ಪೆಡಲ್ ಒತ್ತಿ ಹಿಡಿದಾಗಲೇ ಅದು ನೆಲ ಮುಟ್ಟಿದರೆ ವಿಮಾನ ಸರಕ್ಕನೆ ಬಲಕ್ಕೆ ಹಾರುತ್ತದೆ. ಮುಟ್ಟುವ ಗಳಿಗೆಗೆ ಪೆಡಲ್ ಒತ್ತಡ ಸಡಿಲಿಸಿ, ಮುಟ್ಟಿದ ಕೂಡಲೇ ಮತ್ತೆ ಕಾಲಿನಲ್ಲಿ ನೇರ ಹಿಡಿಯಿರಿ.

6. ಚಕ್ರ ಮುಟ್ಟಿದ ಮೇಲೆ

ಒಂದು ಜುಲೈ ಮಧ್ಯಾಹ್ನ ನಾನು ಬಲಗಡೆ ಸೀಟಿನಲ್ಲಿದ್ದೆ. ಎಡದಿಂದ ಬೀಸುಗಾಳಿ. ಹುಡುಗ ಎಡ ಚಕ್ರವನ್ನು ಹೂವಿಟ್ಟ ಹಾಗೆ ಇಟ್ಟ, ಬಲ ಚಕ್ರವೂ ಕೂತಿತು, ಮೂತಿಯೂ ಇಳಿಯಿತು. ಅವನು ಉಸಿರು ಬಿಟ್ಟದ್ದು ಹೆಡ್‌ಸೆಟ್ಟಿನಲ್ಲಿ ಕೇಳಿಸಿತು. ಅದೇ ಉಸಿರಿನ ಜೊತೆ ಯೋಕ್ ನಡುವಿಗೆ ಬಂತು. ಒಂದು ಬೀಸು ಬಂತು. ಎಡ ರೆಕ್ಕೆ ಎದ್ದಿತು, ಭಾರವೆಲ್ಲ ಬಲ ಚಕ್ರದ ಮೇಲೆ ಬಿತ್ತು, ಮೂತಿ ಎಡಕ್ಕೆ ಹೊರಳಿತು. ನಾನು ಬಲ ರಡರ್ ಒತ್ತಿ ಯೋಕನ್ನು ಎಡ ಕೊನೆಗೆ ಹಾಕುವಷ್ಟರಲ್ಲಿ ರನ್‌ವೇ ಅಂಚಿನ ದೀಪ ಎಡಗಡೆ ಕಿಟಕಿಯ ಕೆಳಗೇ ಹಾದು ಹೋಯಿತು. ಚಕ್ರಕ್ಕೂ ಹುಲ್ಲಿಗೂ ನಡುವೆ ಉಳಿದದ್ದು ಒಂದು ಮಾರು.

ಆಗಿದ್ದೇನು? ವಿಮಾನದ ಬಾಲದಲ್ಲಿ ನೆಟ್ಟಗೆ ನಿಂತಿರುವ ರೆಕ್ಕೆ ಇದೆಯಲ್ಲ, ಗಾಳಿ ಅದನ್ನು ತಳ್ಳುತ್ತದೆ. ಬಾಲ ಗಾಳಿಯ ಜೊತೆ ಹೋದರೆ ಮೂತಿ ಗಾಳಿಯ ಎದುರಿಗೆ ತಿರುಗುತ್ತದೆ. ನೆಲದ ಮೇಲೆ ಓಡುವ ವಿಮಾನಕ್ಕೆ ಯಾವಾಗಲೂ ಈ ಚಾಳಿ ಇರುತ್ತದೆ. ಇನ್ನೊಂದು ಕಡೆ, 40, 50 ನಾಟ್ ವೇಗದಲ್ಲಿ ರೆಕ್ಕೆಗಳು ಇನ್ನೂ ಅರ್ಧ ಹಾರುತ್ತಲೇ ಇರುತ್ತವೆ. ಟೈರಿನ ಮೇಲೆ ಪೂರ್ತಿ ಭಾರ ಬಿದ್ದಿರುವುದಿಲ್ಲ. ಬ್ರೇಕ್‌ಗೂ ಹಿಡಿತ ಸಿಗುವುದಿಲ್ಲ, ರಡರ್‌ಗೂ ಸೆಕೆಂಡಿಗೆ ಸೆಕೆಂಡಿಗೆ ಬಲ ಕುಗ್ಗುತ್ತಿರುತ್ತದೆ. ಅಪಾಯದ ಗಳಿಗೆ ಇದೇ.

ಆದ್ದರಿಂದ ಚಕ್ರ ಮುಟ್ಟಿದ ಮೇಲೆ ಯೋಕನ್ನು ಗಾಳಿಯ ಕಡೆಗೆ ಜಾಸ್ತಿ ಮಾಡುತ್ತಾ ಹೋಗಿ. ವೇಗ ಇಳಿದ ಹಾಗೆ ಐಲರಾನ್‌ನ, ಅಂದರೆ ಯೋಕ್ ತಿರುಗಿಸಿದಾಗ ರೆಕ್ಕೆಯ ಹಿಂದೆ ಏರಿಳಿಯುವ ಪಟ್ಟಿಯ, ಬಲ ಕಡಿಮೆಯಾಗುತ್ತದೆ, ಅದಕ್ಕೇ ತಿರುವು ಜಾಸ್ತಿ ಬೇಕು. ನಿಧಾನವಾಗಿ ಓಡುವ ಹೊತ್ತಿಗೆ ಯೋಕ್ ಎಡ ಕೊನೆಯಲ್ಲಿರಬೇಕು. ಕಣ್ಣು ಮೂತಿಯ ಹತ್ತಿರ ಬೇಡ, ರನ್‌ವೇಯ ದೂರದ ತುದಿಯ ಮೇಲಿರಲಿ. ಸಣ್ಣ ಹೊರಳು ಅಲ್ಲಿ ಬೇಗ ಕಾಣುತ್ತದೆ. ಕಾಲು ಎರಡೂ ಪೆಡಲ್ ಮೇಲೆ ಜೀವಂತವಾಗಿರಲಿ, ಪುಟ್ಟ ಪುಟ್ಟ ಒತ್ತು.

ಮೂರು ತಪ್ಪುಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ವಿಮಾನ ನೆಲಕ್ಕೆ ಅಂಟಲಿ ಅಂತ ಯೋಕ್ ಮುಂದಕ್ಕೆ ತಳ್ಳುವುದು ಒಂದು. ಹಾಗೆ ಮಾಡಿದರೆ ಭಾರ ಮೂತಿ ಚಕ್ರಕ್ಕೆ ಬಿದ್ದು ಹಿಂದಿನ ಚಕ್ರ ಹಗುರಾಗುತ್ತದೆ, ಒಂಟಿಚಕ್ರದ ತಳ್ಳುಗಾಡಿ ಹಾಗೆ ವಿಮಾನ ಮೂತಿಯ ಮೇಲೆ ಸುತ್ತುತ್ತದೆ. ಗಾಬರಿಯಲ್ಲಿ ಬ್ರೇಕ್ ಒದೆಯುವುದು ಇನ್ನೊಂದು. ಓಡುತ್ತಿರುವಾಗಲೇ ಫ್ಲಾಪ್ ಲಿವರ್ ಹುಡುಕಲು ತಲೆ ಬಗ್ಗಿಸುವುದು ಮತ್ತೊಂದು. ಫ್ಲಾಪ್ ಎಲ್ಲಿಗೂ ಓಡಿಹೋಗುವುದಿಲ್ಲ, ರನ್‌ವೇ ಬಿಟ್ಟ ಮೇಲೆ ತೆಗೆಯಿರಿ.

7. ಗೋ-ಅರೌಂಡ್

ಗೋ-ಅರೌಂಡ್ ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇಳುವುದು. ಪುಟಿದರೆ, ಜಾರಿದರೆ, ಮನಸ್ಸಿಗೆ ಸರಿ ಕಾಣದಿದ್ದರೆ ಮೇಲೇಳಿ. ಚಕ್ರ ಮುಟ್ಟಿದ ಮೇಲೂ, ಹಿಡಿತ ಇದ್ದು ಮುಂದೆ ರನ್‌ವೇ ಸಾಕಷ್ಟಿದ್ದರೆ ಏಳಬಹುದು. ಆಗಲೇ ಹುಲ್ಲಿನ ಕಡೆ ಹೊರಳಿದ್ದರೆ ಮಾತ್ರ ಪವರ್ ಕೊಡಬೇಡಿ, ನೇರ ಮಾಡಿ ನಿಲ್ಲಿಸಿ.

2008ರ ಮಾರ್ಚ್ 1ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಿರುಗಾಳಿಯ ನಡುವೆ ಇಳಿಯುತ್ತಿದ್ದ ಏರ್‌ಬಸ್ ಎ320 ಒಂದರ ಎಡ ರೆಕ್ಕೆಯ ತುದಿ ರನ್‌ವೇಗೆ ಉಜ್ಜಿತು. ಪೈಲಟ್‌ಗಳು ಅಲ್ಲಿಂದಲೇ ಮೇಲೆದ್ದು, ಬೇರೆ ರನ್‌ವೇಗೆ ಹೋಗಿ ಇಳಿಸಿದರು. ಯಾರಿಗೂ ಗಾಯವಾಗಲಿಲ್ಲ. ಅಷ್ಟು ದೊಡ್ಡ ವಿಮಾನದವರೇ ಬಿಟ್ಟು ಎದ್ದರು ಅಂದ ಮೇಲೆ ನಿಮಗೆ ನಾಚಿಕೆ ಯಾಕೆ?

ಸೆಸ್ನಾ 172ರಲ್ಲಿ ಪೂರ್ತಿ ಪವರ್, ಫ್ಲಾಪ್ 20 ಡಿಗ್ರಿಗೆ, ಕೈಪಿಡಿ ಹೇಳಿದ ವೇಗ ಹಿಡಿದು ಏರಿ. ಎಂಜಿನ್ ಪೂರ್ತಿ ಪವರಿಗೆ ಬಂದಾಗ ಮೂತಿ ಎಡಕ್ಕೆ ಎಳೆಯುತ್ತದೆ. ಗಾಳಿಯೂ ಎಡದ್ದೇ ಆದರೆ ಎರಡೂ ಸೇರಿ ಎಳೆಯುತ್ತವೆ. ಬಲಗಾಲು ಸಿದ್ಧವಾಗಿರಲಿ.

ಇಲ್ಲಿ ಒಂದು ಮಾತು ಮಂಡಕಳ್ಳಿಯವರಿಗೆ. ಮುಂಗಾರಿನಲ್ಲಿ ನೈಋತ್ಯದ ಗಾಳಿ, 27ರಲ್ಲಿ ಇಳಿಯುತ್ತೀರಿ, ಗಾಳಿ ಎಡದಿಂದ. ಚಳಿಗಾಲದಲ್ಲಿ ಈಶಾನ್ಯದ ಗಾಳಿ, 09ರಲ್ಲಿ ಇಳಿಯುತ್ತೀರಿ, ಆಗಲೂ ಎಡದಿಂದಲೇ. ವರ್ಷವೆಲ್ಲ ಬಲಗಾಲೇ ದುಡಿದು, ಎಡಗಾಲು ಕಲಿಯದೇ ಉಳಿಯುವ ಸಾಧ್ಯತೆ ಇದೆ. ಏಪ್ರಿಲ್, ಮೇ ತಿಂಗಳ ಗುಡುಗು ಮೋಡದ ಗಾಳಿ ಯಾವ ಕಡೆಯಿಂದಲಾದರೂ ಬರಬಹುದು. ಬಲದಿಂದ ಗಾಳಿ ಇರುವ ಹಗುರ ದಿನ ಸಿಕ್ಕಿದಾಗ ಇನ್‌ಸ್ಟ್ರಕ್ಟರ್‌ಗೆ ನೀವಾಗಿಯೇ ಕೇಳಿ, ನಾಲ್ಕು ಸುತ್ತು ಜಾಸ್ತಿ ಹಾರಿ. ಗುಡುಗು ಮೋಡ ಹತ್ತಿರ ಬಂದ ದಿನ ಮಾತ್ರ ಹಾರಲೇಬೇಡಿ.

8. ಟ್ಯಾಕ್ಸಿ, ನಿಲ್ಲಿಸುವುದು, ನೋಡುವುದು

ಏಪ್ರನ್‌ಗೆ, ಅಂದರೆ ವಿಮಾನ ನಿಲ್ಲಿಸುವ ಜಾಗಕ್ಕೆ, ಓಡಿಸಿಕೊಂಡು ಹೋಗುವಾಗಲೂ ಯೋಕ್ ಕೆಲಸ ಮುಗಿದಿಲ್ಲ. ಗಾಳಿ ಮುಂದಿನ ಮೂಲೆಯಿಂದ ಇದ್ದರೆ ಯೋಕ್ ಗಾಳಿಯ ಕಡೆಗೆ. ಹಿಂದಿನ ಮೂಲೆಯಿಂದ ಇದ್ದರೆ ಗಾಳಿಯಿಂದ ಆಚೆಗೆ, ಜೊತೆಗೆ ಮುಂದಕ್ಕೆ. ನಿಲ್ಲಿಸಿದ ಮೇಲೆ ಕಟ್ಟಿ, ಚಕ್ರಕ್ಕೆ ಅಡ್ಡ ಕೊಡಿ.

ಆಮೇಲೆ ಬಗ್ಗಿ ಟೈರು ನೋಡಿ. ಒಂದು ಅಂಚು ಮಾತ್ರ ಹೊಸದಾಗಿ ಒರಟಾಗಿ ಸವೆದಿದ್ದರೆ ನೀವು ಓರೆಯಾಗಿ ಇಳಿದಿದ್ದೀರಿ. ಮೂತಿ ಚಕ್ರ ಮೊದಲು ಬಡಿದಿದ್ದರೆ ಪ್ರೊಪೆಲ್ಲರ್ ತುದಿ ಎರಡನ್ನೂ ನೋಡಿ. ಎಂಜಿನ್ ಹಿಂದಿನ ತಗಡಿನ ಗೋಡೆಗೆ ಫೈರ್‌ವಾಲ್ ಅನ್ನುತ್ತಾರೆ. ಸೆಸ್ನಾಗಳಲ್ಲಿ ಮೂತಿ ಬಡಿದರೆ ಅದು ಸುಕ್ಕಾಗುವುದುಂಟು. ಹೊರಗಿನಿಂದ ಕಾಣದೇ ಇರಬಹುದು, ಕವಚ ಬಿಚ್ಚಿದರೆ ಎಂಜಿನಿಯರ್‌ಗೆ ಕಾಣುತ್ತದೆ. ಜೋರಾಗಿ ಇಳಿದಿದ್ದೀರಿ ಅನ್ನಿಸಿದರೆ ಟೆಕ್ನಿಕಲ್ ಲಾಗ್‌ನಲ್ಲಿ ಬರೆಯಿರಿ, ಬಾಯಲ್ಲೂ ಹೇಳಿ. ಬೈಗುಳ ಬಿದ್ದರೂ ಪರವಾಗಿಲ್ಲ, ಹೇಳಿಯೇ ಅಲ್ಲಿಂದ ಹೊರಡಿ. ಒಂದು ಗಂಟೆ ಕಳೆದ ಮೇಲೆ ಅದೇ ಸೀಟಿನಲ್ಲಿ ಕೂರುವುದು ನಿಮ್ಮ ಜೊತೆ ಒಂದೇ ಬೆಂಚಿನಲ್ಲಿ ಊಟ ಮಾಡುವ ಗೆಳೆಯನೋ ಗೆಳತಿಯೋ ಆಗಿರುತ್ತಾರೆ.